ಎಣ್ಣೆ ಬಾಟಲಿ ಹಂಚುವವರಿಗೆ ರಿಪೋರ್ಟ್ ತಿಳಿಯಬೇಕು

ಸಾಗರ ತಾಲೂಕಿನ ಕಾಡಂಚಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ನಾನು ವೈದ್ಯಾಧಿಕಾರಿ. ಡಿಸೆಂಬರ್ ಬಂತೆಂದರೆ ಮೇ ತಿಂಗಳವರೆಗೂ ನಮಗೆಲ್ಲ ಮಂಗನ ಕಾಯಿಲೆಯದೇ ಧ್ಯಾನ. ಆಶಾ ಕಾರ್ಯಕರ್ತೆಯರು, ಆರೋಗ್ಯ ನಿರೀಕ್ಷಕರು, ಲ್ಯಾಬ್ ಟೆಕ್ನೀಶಿಯನ್, ಆಂಬುಲೆನ್ಸ್ ಚಾಲಕ ಹೀಗೆ ನಮ್ಮದೊಂದು ಸಣ್ಣ ತಂಡ. ಇವರಲ್ಲಿ ಕೆಲಸದ ಬಗ್ಗೆ ಆಸ್ಥೆ ಹುಟ್ಟಿಸುವುದು, ಹುಟ್ಟಿದ್ದನ್ನು ಉಳಿಸುವುದು ಹೇಗೆ ಎಂದು ಬೇರೆ ಕೇಂದ್ರಗಳ ಕಿರಿಯ ವೈದ್ಯರು ಕೇಳುತ್ತಿರುತ್ತಾರೆ. ನನ್ನ ಅನುಭವದಲ್ಲಿ ಹುರಿದುಂಬಿಸುವ ಭಾಷಣದಿಂದ ಆಗುವುದು ಬಹಳ ಕಡಿಮೆ. ಅವರು ಮಾಡಿದ ಕೆಲಸದಿಂದ ಏನಾಯಿತು ಅನ್ನುವುದು ಅವರಿಗೆ ತಿಳಿಯಬೇಕು.

ಈ ರೋಗ ಮೊದಲು ಪತ್ತೆಯಾದದ್ದು ನಮ್ಮ ಜಿಲ್ಲೆಯಲ್ಲೇ, 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆ ಹುಳುವಿನಿಂದ. ಬೇಸಿಗೆಯಲ್ಲಿ ಸೊಪ್ಪಿನಬೆಟ್ಟಕ್ಕೆ ದರಗು (ಒಣಗಿ ಉದುರಿದ ಎಲೆ) ಗುಡಿಸಿ ತರಲು ಹೋದವರಿಗೆ, ಸೌದೆಗೆ ಹೋದವರಿಗೆ ಎಳೆಯ ಉಣುಗು ಕಚ್ಚುತ್ತದೆ. ವಾರದೊಳಗೆ ಸುಡುವ ಜ್ವರ, ತಲೆನೋವು, ಮೈಕೈ ನೋವು. ಇದಕ್ಕೇ ಅಂತ ಔಷಧಿಯಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯೂ ನಿಂತಿದೆ. ಈಗ ಉಳಿದಿರುವುದು ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ, ಮತ್ತೆ ಜ್ವರವನ್ನು ಬೇಗ ಹಿಡಿಯುವುದು. ಎರಡೂ ಆಶಾ ಅಕ್ಕಂದಿರ ಕಾಲ್ನಡಿಗೆಯ ಮೇಲೆ ನಿಂತಿವೆ. 2018ರ ಕೊನೆಯಿಂದ 2019ರವರೆಗೆ ನಮ್ಮ ತಾಲೂಕಿನ ಅರಳಗೋಡು ಸುತ್ತಮುತ್ತ ಈ ಕಾಯಿಲೆಯಿಂದ ಸಾವುಗಳಾದ ಮೇಲೆ ಈ ಸೀಮೆಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ನಾನು ಇಲ್ಲಿಗೆ ಬಂದಾಗ ತಂಡದಲ್ಲಿ ಲವಲವಿಕೆ ಇರಲಿಲ್ಲ. ಬಾಟಲಿ ಕೊಡುವುದು, ಸಹಿ ಹಾಕಿಸಿಕೊಳ್ಳುವುದು, ಮುಂದಿನ ಮನೆಗೆ ಹೋಗುವುದು, ಅಷ್ಟೇ. ಜ್ವರ ಬಂದವರನ್ನು ಒಪ್ಪಿಸಿ ರಕ್ತ ಕೊಡಿಸುವಷ್ಟರಲ್ಲಿ ಆಶಾ ಅಕ್ಕನಿಗೆ ಸಾಕುಸಾಕಾಗುತ್ತಿತ್ತು. ಸ್ಯಾಂಪಲ್ ಶಿವಮೊಗ್ಗದ ಲ್ಯಾಬಿಗೆ ಹೋಗುತ್ತಿತ್ತು, ರಿಪೋರ್ಟ್ ಕೇಂದ್ರಕ್ಕೆ ಬರುತ್ತಿತ್ತು. ಪಾಸಿಟಿವ್ ಆದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ನೆಗೆಟಿವ್ ಆದರೆ ಆಕೆಗೆ ಹೇಳುವವರೇ ಇರಲಿಲ್ಲ. ಆ ಮನೆಯವರು ದಾರಿಯಲ್ಲಿ ಸಿಕ್ಕಿ, "ರಕ್ತ ತಗೊಂಡು ಹೋದ್ರಲ್ಲ, ಏನಾಯ್ತು?" ಅಂದರೆ ಆಕೆಯ ಬಾಯಲ್ಲಿ ಉತ್ತರವಿಲ್ಲ.

ನಾನು ಮೊದಲು ಬದಲಿಸಿದ್ದು ಇದನ್ನೇ. ರಿಪೋರ್ಟ್ ಬಂದ ದಿನವೇ ರೋಗಿಯನ್ನು ಕಳಿಸಿದ ಆಶಾಗೆ ನಾನೇ ಫೋನ್ ಮಾಡುತ್ತೇನೆ. ಮನೆಯವರಿಗೆ ಸುದ್ದಿ ಮುಟ್ಟಿಸುವುದು ಆಕೆ, ಗಾಬರಿಯಾದರೆ ಮಾತಾಡಲು ನಾನಿದ್ದೇನೆ. ನೆಗೆಟಿವ್ ಆದರೂ ತಪ್ಪದೆ ಹೇಳುತ್ತೇನೆ. ನೆಗೆಟಿವ್ ಅನ್ನುವುದೂ ಆಕೆಯ ಕೆಲಸದ ಫಲವೇ, ಒಂದು ಮನೆಯ ಭಯ ಕಳೆಯಿತಲ್ಲ! ಕಾಡಿನೊಳಗಿನ ಒಂಟಿ ಮನೆಯಲ್ಲಿ ವಯಸ್ಸಾದವರೊಬ್ಬರಿದ್ದರು. ರಕ್ತ ಕೊಡಲು ಒಪ್ಪದೆ ನಮ್ಮ ಆಶಾಳನ್ನು ಅಂಗಳದಿಂದಲೇ ಕಳಿಸಿದ್ದವರು. ಕೊನೆಗೆ ಮಗ ಹೇಳಿದ ಮೇಲೆ ಕೊಟ್ಟರು. ರಿಪೋರ್ಟ್ ಬಂದ ಸಂಜೆ ಆಕೆ ಗುಡ್ಡ ಹತ್ತಿ ಹೋಗಿ, "ಅಜ್ಜ, ನಿಮಗೆ ಮಂಗನ ಕಾಯಿಲೆ ಅಲ್ಲ, ಹೆದರ್ಬೇಡಿ" ಎಂದು ಹೇಳಿ ಬಂದಳು. ಕೆಲವು ವಾರ ಕಳೆದು ತೋಟದ ಮೇಲಿನ ಹಕ್ಕಲಿನಲ್ಲಿ ಮಂಗ ಸತ್ತು ಬಿದ್ದಾಗ ಅದೇ ಅಜ್ಜ ಮೊದಲು ಫೋನ್ ಮಾಡಿಸಿದ್ದು ಆಕೆಗೆ. ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ಅಲ್ಲೇ ಉದುರಿ ಹರಡುತ್ತವೆ. ಸುತ್ತ 50 ಮೀಟರ್ ಜಾಗಕ್ಕೆ ಉಣುಗು ಸಾಯಿಸುವ ಮೆಲಾಥಿಯಾನ್ ಪುಡಿ ಹೊಡೆಯಬೇಕು, ಜನರನ್ನು ಆ ಕಡೆ ಬಿಡಬಾರದು. ಆ ಫೋನಿನಿಂದಾಗಿ ಅದೇ ದಿನ ಅದು ಆಯಿತು. ಅಂದಿನಿಂದ ಆ ಹುಡುಗಿಯ ನಡಿಗೆಯೇ ಬೇರೆ.

ಎರಡನೆಯದು ಮನೆಭೇಟಿಯ ಹೊತ್ತು. ಹತ್ತು ಗಂಟೆಯ ನಂತರ ಹೊರಡುವುದು ಹಿಂದಿನಿಂದ ಬಂದ ರೂಢಿ. ಶನಿವಾರದ ಸಭೆಯಲ್ಲಿ ನಮ್ಮ ಹಿರಿಯ ಆಶಾ ಅಕ್ಕ ನೇರವಾಗಿ ಕೇಳಿದರು: "ಹನ್ನೊಂದಕ್ಕೆ ಹೋದ್ರೆ ಮನೇಲಿ ಯಾರಿರ್ತಾರೆ ಮೇಡಂ? ದರಗಿಗೆ ಹೋಗೋರೆಲ್ಲ ಬೆಳಿಗ್ಗೆ ತಿಂಡಿ ತಿಂದು ಹೊರಟಿರ್ತಾರೆ. ಬಾಟ್ಲಿ ಅತ್ತೆ ಕೈಗೆ ಕೊಟ್ಟು ಬರೋದು, ಅದು ಗೂಡಲ್ಲಿ ಕೂತಿರತ್ತೆ."

"ಹಾಗಾದ್ರೆ ಏನು ಮಾಡೋಣ ಅಕ್ಕ?"

"ಏಳು ಗಂಟೆಗೆ ನಾವೇ ಬೆಟ್ಟದ ದಾರೀಲಿ ನಿಲ್ತೀವಿ. ನಮ್ಮೆದುರಿಗೇ ಹಚ್ಕೊಂಡು ಹೋಗ್ಲಿ."

ಹಾಗೇ ಮಾಡಿದೆವು. ಬೇಗ ಬಂದವರು ಮಧ್ಯಾಹ್ನ ಬೇಗ ಮನೆಗೆ ಹೋಗಬಹುದು ಎಂದೆ. ಎಣ್ಣೆಯನ್ನು ಅಂಗೈಗೆ ಸುರಿದು ಪಾದ, ಹಿಮ್ಮಡಿ, ಮೊಣಕಾಲು, ಕೈ, ಕುತ್ತಿಗೆ ಎಂದು ಎದುರಿಗೇ ತೋರಿಸಿ ಹಚ್ಚಿಸುತ್ತಾರೆ. ಸಂಜೆ ಬಂದ ಮೇಲೆ ಬಿಸಿನೀರು, ಸೋಪು, ಉಟ್ಟ ಬಟ್ಟೆ ಕುದಿನೀರಿಗೆ ಅನ್ನುವ ಮಾತೂ ಅಲ್ಲೇ. ಈ ಏರ್ಪಾಡು ನನ್ನ ತಲೆಯಿಂದ ಬಂದದ್ದಲ್ಲ, ಅದಕ್ಕೇ ಇಷ್ಟು ವರ್ಷ ನಡೆದಿದೆ. ಮೇಲಿನಿಂದ ಹೇಳಿದ್ದನ್ನು ಜನ ಮಾಡಿ ಮುಗಿಸುತ್ತಾರೆ, ತಾವೇ ಹೇಳಿದ್ದನ್ನು ಕಾಯುತ್ತಾರೆ.

ರಿಜಿಸ್ಟರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಮಾಹಿತಿಯನ್ನು ಹಲವು ಪುಸ್ತಕಗಳಲ್ಲಿ ಬರೆಯುತ್ತಿದ್ದರು. ನಾವೇ ಹುಟ್ಟುಹಾಕಿಕೊಂಡಿದ್ದನ್ನೆಲ್ಲ ಕೈಬಿಟ್ಟು, ಕಡ್ಡಾಯವಾದದ್ದನ್ನು ಮಾತ್ರ ಉಳಿಸಿದೆವು. ಶಾಲು, ಹಾರ, ಸನ್ಮಾನ ಎಲ್ಲ ಇರಲಿ, ಆದರೆ ಅದರ ಖುಷಿ ಆ ದಿನಕ್ಕೇ ಮುಗಿಯುತ್ತದೆ.

ಕಷ್ಟವಾದದ್ದು ಸಾವು ಆದಾಗ. ಕೂಲಿ ಮಾಡುವ ಒಬ್ಬರು, ನಮ್ಮ ಆಶಾ ಒಬ್ಬರು ದಿನಾ ಮಾತಾಡಿಸುತ್ತಿದ್ದವರು, ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಮೇಲೆ ಆಕೆ ಸಭೆಗೆ ಬರಲಿಲ್ಲ. ಕೆಲಸವನ್ನು ಮನಸ್ಸಿಗೆ ಹಚ್ಚಿಕೊಂಡವರಿಗೇ ಇಂಥ ಏಟು ಹೆಚ್ಚು, ತಂಡ ನಡೆಸುವವರು ಇದನ್ನು ಮರೆಯಬಾರದು. ನಾನು ಮತ್ತು ಹಿರಿಯ ಅಕ್ಕ ಆಕೆಯ ಮನೆಗೆ ಹೋದೆವು. ಜಗಲಿಯಲ್ಲಿ ಕೂತು ತಾರೀಖು ತಾರೀಖು ನೋಡಿದೆವು. ಜ್ವರ ಬಂದದ್ದು ಯಾವತ್ತು, ರಕ್ತ ಕಳಿಸಿದ್ದು ಯಾವತ್ತು, ಆಂಬುಲೆನ್ಸ್ ಬಂದದ್ದು ಯಾವತ್ತು. ಆಕೆ ಒಂದು ದಿನವೂ ತಡ ಮಾಡಿರಲಿಲ್ಲ. ಈ ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ, ಜ್ವರ ಇಳಿದು ವಾರ ಎರಡು ವಾರಕ್ಕೆ ಮತ್ತೆ ಮರುಕಳಿಸುವುದೂ ಉಂಟು ಎಂದು ವಿವರಿಸಿದೆ. "ನಿಮ್ಮ ತಪ್ಪಿಲ್ಲ" ಎಂದು ಬರೀ ಬಾಯಲ್ಲಿ ಹೇಳಿದ್ದರೆ ಆಕೆ ನಂಬುತ್ತಿರಲಿಲ್ಲ. ಮುಂದಿನ ವಾರ ಮತ್ತೆ ಬೆಟ್ಟದ ದಾರಿಗೆ ಬಂದರು.

ಹಣದ ವಿಷಯ ಬಿಟ್ಟು ಇದನ್ನೆಲ್ಲ ಬರೆದರೆ ಅನ್ಯಾಯವಾಗುತ್ತದೆ. 2005ರಲ್ಲಿ ಆಶಾ ಯೋಜನೆ ಬಂದಾಗಿನಿಂದಲೂ ಅವರು ಲೆಕ್ಕಕ್ಕೆ ಸ್ವಯಂಸೇವಕರು. ಸಿಗುವುದು ಗೌರವಧನ, ಪ್ರೋತ್ಸಾಹಧನ. ಸೇವೆ, ಸಾರ್ಥಕತೆ ಅನ್ನುವ ಮಾತನ್ನು ದುಡ್ಡಿನ ಬದಲಿಗೆ ಕೊಡಬಾರದು. ಅದಕ್ಕೆ ನಮ್ಮಲ್ಲಿ ತಿಂಗಳ ಮೊದಲ ಸಭೆ ಶುರುವಾಗುವುದೇ ಅವರ ಕ್ಲೇಮ್ ಅರ್ಜಿಗಳಿಂದ. ಒಂದೊಂದನ್ನೂ ಕೂತು ನೋಡಿ, ಬಿಟ್ಟುಹೋದ ಭೇಟಿ ಸೇರಿಸಿ, ಸಹಿ ಮಾಡಿದ ಮೇಲೆ ಉಳಿದ ಮಾತು.

ಈಗ ನವೆಂಬರ್. ಯಾವ ಮನೆಯವರು ಯಾವ ಬೆಟ್ಟಕ್ಕೆ ದರಗಿಗೆ ಹೋಗುತ್ತಾರೆ ಅನ್ನುವ ಪಟ್ಟಿ ತಯಾರಾಗುತ್ತಿದೆ. ಬರೆಯುತ್ತಿರುವುದು ಆಶಾ ಅಕ್ಕಂದಿರೇ. ಯಾವ ದಾರಿಯಲ್ಲಿ ಯಾರು ನಿಲ್ಲಬೇಕು ಅನ್ನುವುದನ್ನು ಬರುವ ಶನಿವಾರ ಅವರೇ ಹೇಳುತ್ತಾರೆ, ಎಣ್ಣೆಯ ಬೇಡಿಕೆ (ಇಂಡೆಂಟ್) ಅದರ ಮೇಲೆ ನಾನು ಹಾಕುತ್ತೇನೆ.