ಹಂಡೆ ಬೆಳಗಿದಿರಿ, ಹೊಗೆ ಕೊಳವೆ?

ನೀರು ತುಂಬುವ ಹಬ್ಬದ ದಿನ ಮಲೆನಾಡಿನಲ್ಲಿ ಬಚ್ಚಲಮನೆಗೆ ರಾಜಮರ್ಯಾದೆ. ಹಂಡೆಗೆ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡುತ್ತಾರೆ. ಅದರ ಕುತ್ತಿಗೆಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತುತ್ತಾರೆ, ಶೇಡಿ, ಅಂದರೆ ಬಿಳಿಮಣ್ಣಿನ ಗೆರೆ ಎಳೆಯುತ್ತಾರೆ. ಒಲೆಯ ಹಿಂದಿನಿಂದ ಗೋಡೆ ಹಿಡಿದು ಮಾಡು (ಚಾವಣಿ) ದಾಟಿ ಹೋದ ಹೊಗೆ ಕೊಳವೆಯ ಕಡೆ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ. ಮರುದಿನ ಬೆಳಗಿನ ಜಾವ ಎಣ್ಣೆ ಹಚ್ಚಿಕೊಂಡು ಕೂತವರ ಕಣ್ಣಲ್ಲೆಲ್ಲ ನೀರು. 'ಕಟ್ಟಿಗೆ ಹಸಿ ಇತ್ತು ಕಾಣ್ತದೆ' ಅಂತ ಕಟ್ಟಿಗೆಗೆ ಬೈಗುಳ. ಅರ್ಧ ತಪ್ಪು ಕಟ್ಟಿಗೆಯದೇ, ಒಪ್ಪೋಣ. ಉಳಿದರ್ಧ ಕೊಳವೆಯದು.

ಕೊಳವೆ ಗುಡಿಸುವುದು ಕಷ್ಟದ ಕೆಲಸವಲ್ಲ, ಕೊಳಕು ಕೆಲಸ ಅಷ್ಟೆ. ಅಡಿಕೆ ಕೊಯ್ಲು ಇಲ್ಲದ ಒಂದು ಬೆಳಿಗ್ಗೆ, ಇಬ್ಬರು ಜನ, ಸರಿಯಾದ ಒಂದು ಬ್ರಶ್ ಇದ್ದರೆ ಮುಗಿಯಿತು. ಜನ ಎಡವುವುದು ಆ 'ಸರಿಯಾದ' ಬ್ರಶ್ಶಿನಲ್ಲೇ.

ಒಳಗೆ ಕೂರುವುದೇನು?

ಹೊಗೆಯಲ್ಲಿ ಮಸಿಯೊಂದೇ ಇರುವುದಿಲ್ಲ. ನೀರಿನ ಆವಿ ಇರುತ್ತದೆ, ಉರಿಯದೆ ಉಳಿದ ಎಣ್ಣೆಯಂಥ ಪದಾರ್ಥಗಳೂ ಇರುತ್ತವೆ. ಕೊಳವೆಯೊಳಗೆ ಹೊಗೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಇವೆಲ್ಲ ಗೋಡೆಗೆ ಅಂಟಿಕೊಳ್ಳುತ್ತವೆ. ನಮ್ಮ ಬಚ್ಚಲ ಒಲೆಯನ್ನು ನೆನಪಿಸಿಕೊಳ್ಳಿ. ದೊಡ್ಡದೊಂದು ಕೊರಡು ತಳ್ಳಿಬಿಟ್ಟು ದಿನವಿಡೀ ಹೊಗೆಯಾಡಲು ಬಿಡುತ್ತೇವೆ. ಮೇಲೆ ತಣ್ಣೀರಿನ ಹಂಡೆ, ಹೊರಗೆ ಮಳೆಯಲ್ಲಿ ನೆನೆಯುವ ಕೊಳವೆ. ಟಾರು ಕಟ್ಟಲು ಇದಕ್ಕಿಂತ ಒಳ್ಳೆ ಏರ್ಪಾಡು ಬೇಕಾ?

ಕಟ್ಟಿದ್ದು ಮೂರು ಥರ ಇರುತ್ತದೆ. ಮುಟ್ಟಿದರೆ ಉದುರುವ ಪುಡಿಮಸಿ. ಹಪ್ಪಳದ ಚೂರಿನಂತೆ ಏಳುವ ಗಟ್ಟಿ ಪದರ. ಕಪ್ಪು ಗಾಜಿನಂತೆ ಮಿರಿಮಿರಿ ಮಿಂಚುವ ಟಾರು. ಮೊದಲೆರಡಕ್ಕೆ ಬ್ರಶ್ ಸಾಕು. ಮೂರನೆಯದು ಬ್ರಶ್ಶಿಗೆ ಜಗ್ಗುವುದಿಲ್ಲ. ಅಂಥ ಕೊಳವೆಯನ್ನು ಉಳಿಯಿಂದ ಕೆತ್ತುತ್ತಾ ಕೂರಬೇಡಿ. ಹೊಸ ಕೊಳವೆ ಹಾಕಿಸುವುದೇ ವಾಸಿ.

ಕೆಲವು ಮನೆಗಳಲ್ಲಿ ಒಂದು ಹಳೇ ಉಪಾಯವಿದೆ: ಒಣ ಸೋಗೆ ತುರುಕಿ ಜೋರು ಉರಿ ಮಾಡಿ ಕೊಳವೆಯನ್ನು 'ಸುಟ್ಟು ಚೊಕ್ಕ' ಮಾಡುವುದು. ದಯವಿಟ್ಟು ಬೇಡ. ಟಾರಿಗೆ ಬೆಂಕಿ ಹಿಡಿದರೆ ಕೊಳವೆಯೊಳಗೆ ಶಾಖ 1000 ಡಿಗ್ರಿ ದಾಟಬಹುದು. ಸಿಮೆಂಟ್ ಕೊಳವೆ ಸಿಡಿಯುತ್ತದೆ, ತಗಡಿನದು ಕೆಂಪಗಾಗುತ್ತದೆ. ಪಕ್ಕದಲ್ಲೇ ಕಟ್ಟಿಗೆ ಕೊಟ್ಟಿಗೆ ಇರುತ್ತದಲ್ವಾ?

ಯಾವಾಗ ಗುಡಿಸಬೇಕು? ಮಸಿ 3 ಮಿಲಿಮೀಟರ್ ದಪ್ಪ ಆಯಿತೆಂದರೆ ಗುಡಿಸಿ. ಒಂದು ರೂಪಾಯಿಯ ಎರಡು ನಾಣ್ಯ ಜೋಡಿಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಅಳೆಯಲು ಬೇಜಾರಾದವರು ಮುಂಗಾರಿಗೆ ಮುಂಚೆ ಒಮ್ಮೆ, ದೀಪಾವಳಿಗೆ ಮುಂಚೆ ಇನ್ನೊಮ್ಮೆ ಅಂತ ಇಟ್ಟುಕೊಳ್ಳಿ. ಅಡಿಕೆ ಬೇಯಿಸುವ ಒಲೆಗೂ ಕೊಳವೆ ಇದ್ದರೆ ಕೊಯ್ಲಿನ ನಡುವೆ ಒಂದು ಸಲ ಇಣುಕಿ ನೋಡಿ.

ಬ್ರಶ್ ಕೊಳ್ಳುವ ಮುಂಚೆ

ಮೊದಲು ಅಳತೆ. ಕೊಳವೆಯ ಒಳಗಿನ ಅಗಲ ಬೇಕು, ಹೊರಗಿನದಲ್ಲ. ಸಿಮೆಂಟ್ ಕೊಳವೆಯ ಗೋಡೆ ದಪ್ಪ ಇರುತ್ತದೆ. ಹೊರಗಿಂದ ಟೇಪು ಹಿಡಿದು ಪೇಟೆಗೆ ಹೋದರೆ ತಂದ ಬ್ರಶ್ ಒಳಗೇ ಹೋಗುವುದಿಲ್ಲ. ಮೇಲಿನ ಟೋಪಿ ತೆಗೆದು ಬಾಯಿಗೆ ಅಡ್ಡಲಾಗಿ ಟೇಪು ಇಟ್ಟು ನೋಡಿ. ಒಳಗೆ ಮಸಿ ಕಟ್ಟಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಬರಿ ಗೋಡೆಯಿಂದ ಬರಿ ಗೋಡೆಗೆ ಅಳೆಯಿರಿ. ಅಡುಗೆ ಒಲೆಗೆ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಇಂಚು, ಬಚ್ಚಲ ಒಲೆಗೆ ಕೆಲವೊಮ್ಮೆ ಅದಕ್ಕಿಂತ ಜಾಸ್ತಿ.

ಆಮೇಲೆ, ಕೊಳವೆ ಯಾವುದರದು? ಬ್ರಶ್ ಆರಿಸುವಾಗ ನನ್ನ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ. ಅಂಗಡಿಯಲ್ಲಿ ನಿಂತಾಗ ಎಲ್ಲರ ಕೈಯೂ ಗಟ್ಟಿ ತಂತಿ ಬ್ರಶ್ಶಿಗೇ ಹೋಗುತ್ತದೆ. ಗಟ್ಟಿ ಇದ್ದಷ್ಟೂ ಚೊಕ್ಕ ಅನ್ನುವ ನಂಬಿಕೆ.

ಹಳೆಯ ಅಸ್ತ್ರ ಒಲೆ ಇರುವವರು ಇಲ್ಲಿ ಸ್ವಲ್ಪ ನಿಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ, ಹಳ್ಳಿಗಳಿಗೆ ವಿಜ್ಞಾನ ತಲುಪಿಸುವ 'ಅಸ್ತ್ರ' ವಿಭಾಗ ಶುರುವಾಯಿತು. ಮೂರು ಪಾತ್ರೆ ಕೂರುವ ಈ ಒಲೆ ಬಂದದ್ದು ಅಲ್ಲಿಂದ. ಹೊಗೆಯಿಂದ ಎಷ್ಟೋ ಹೆಂಗಸರ ಕಣ್ಣು ಉಳಿಸಿದ ಒಲೆ ಅದು. ಆದರೆ ಆ ಕಾಲದ ಇಂಥ ಒಲೆಗಳಿಗೆ ಕೂರಿಸಿದ ಸಿಮೆಂಟ್ ಕೊಳವೆಗಳಲ್ಲಿ ಸಾಮಾನ್ಯವಾಗಿ ಆಸ್ಬೆಸ್ಟಾಸ್ ನಾರು ಇರುತ್ತದೆ. ತಂತಿ ಬ್ರಶ್ಶಿನಿಂದ ಉಜ್ಜಿದರೆ ಆ ನಾರು ಎದ್ದು ಗಾಳಿಗೆ ಬರುತ್ತದೆ, ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಲ್ಲದು. ಆದ್ದರಿಂದ ಸಿಮೆಂಟ್ ಕೊಳವೆಗೆ ತಂತಿ ಬೇಡವೇ ಬೇಡ. ತೆಂಗಿನ ನಾರಿನ ಅಥವಾ ಮೆತ್ತಗಿನ ನೈಲಾನ್ ಬ್ರಶ್ ಸಾಕು, ಅದನ್ನೂ ಸ್ವಲ್ಪ ಒದ್ದೆ ಮಾಡಿಕೊಂಡು. ಕೊಳವೆ ಬಿರುಕು ಬಿಟ್ಟಿದ್ದರೆ ಗುಡಿಸುವ ಗೋಜಿಗೇ ಹೋಗದೆ ಬದಲಿಸಿ.

ಸ್ಟೇನ್‌ಲೆಸ್ ಸ್ಟೀಲ್ ಅಥವಾ ತಗಡಿನ ಕೊಳವೆಗೂ ನೈಲಾನೇ ಒಳ್ಳೆಯದು. ಮಾಮೂಲಿ ಕಬ್ಬಿಣದ ತಂತಿ ಅದರ ಮೇಲೆ ಗೀರು ಹಾಕುತ್ತದೆ, ಗೀರಿನಲ್ಲಿ ತುಕ್ಕು ಕೂರುತ್ತದೆ. ತಂತಿ ಬ್ರಶ್ಶಿಗೆ ತಕ್ಕ ಜಾಗ ಅಂದರೆ ಇಟ್ಟಿಗೆಯ ಚಿಮ್ನಿ. ಕೊಡಗು, ಚಿಕ್ಕಮಗಳೂರಿನ ಹಳೇ ಎಸ್ಟೇಟ್ ಬಂಗಲೆಗಳಲ್ಲಿ ಚಳಿ ಕಾಯಿಸುವ ಬೆಂಕಿಗೂಡಿನ ಮೇಲೆ ಇರುತ್ತದಲ್ಲ, ಅದು. ಅದು ಚೌಕವಾಗಿದ್ದರೆ ಬ್ರಶ್ಶೂ ಚೌಕದ್ದೇ ತನ್ನಿ. ದುಂಡಗಿನದು ಮೂಲೆ ಮುಟ್ಟುವುದಿಲ್ಲ.

ನೈಲಾನ್ ಬ್ರಶ್ ಒಳ ಅಳತೆಗಿಂತ ಅರ್ಧ ಇಂಚು ದೊಡ್ಡದಿದ್ದರೂ ಬಾಗಿಕೊಂಡು ಹೋಗುತ್ತದೆ. ತಂತಿಯದು ಸರಿಯಾಗಿ ಅಳತೆಯದ್ದೇ ಆಗಬೇಕು. ನಾಲ್ಕು ಇಂಚಿಗೆ ಬ್ರಶ್ ಸಿಗದಿದ್ದರೆ ಆನ್‌ಲೈನ್‌ನಲ್ಲಿ ಬಟ್ಟೆ ಒಣಗಿಸುವ ಯಂತ್ರದ ಕೊಳವೆಗೆಂದು ಮಾರುವ ನೈಲಾನ್ ಬ್ರಶ್ ಹುಡುಕಿ. ಬಳುಕುವ ಕೋಲುಗಳ ಸಮೇತ ಬರುತ್ತದೆ. ಪುಡಿಮಸಿಗೆ ಧಾರಾಳ ಸಾಕು.

ಕೋಲುಗಳ ತುದಿಯಲ್ಲಿ ತಿರುಪು ಇರುತ್ತದೆ. ಒಂದಕ್ಕೊಂದು ಸಿಕ್ಕಿಸುತ್ತಾ ಹೋಗಬೇಕು. ನಾನು ಮೊದಲ ಸಲ ಗುಡಿಸಿದಾಗ ಬ್ರಶ್ಶನ್ನು ಆ ಕಡೆ ಈ ಕಡೆ ತಿರುಗಿಸಿ ತಿರುಗಿಸಿ ತಳ್ಳಿದೆ. ಮಧ್ಯದಲ್ಲಿ ಕೈ ಹಗುರಾಯಿತು. ಕೊಳವೆ ಚೊಕ್ಕ ಆಯಿತೆಂದು ಖುಷಿಯಿಂದ ಎಳೆದರೆ ಬರಿ ಕೋಲು ಬಂತು! ತಿರುಪು ಬಿಚ್ಚಿಕೊಂಡು ಬ್ರಶ್ ಒಳಗೇ ಕೂತಿತ್ತು. ಕೊಳವೆ ಇಳಿಸಿಯೇ ತೆಗೆಯಬೇಕಾಯಿತು. ಹಾಗಾಗಿ ತಿರುಗಿಸುವುದಿದ್ದರೆ ತಿರುಪು ಬಿಗಿಯಾಗುವ ಕಡೆಗೆ, ಅಂದರೆ ಬಲಕ್ಕೆ ಮಾತ್ರ.

ಇನ್ನು ಕೆಲವರು ಅಡಿಕೆ ಕೊನೆ ಕೊಯ್ಯುವ ಉದ್ದ ಕೋಲಿಗೆ, ಅಂದರೆ ದೋಟಿಗೆ ಬ್ರಶ್ ಕಟ್ಟುತ್ತಾರೆ. ಜಾಣತನವೇನೋ ಸರಿ. ಆದರೆ ಅಲ್ಯೂಮಿನಿಯಂ ದೋಟಿಯಂತೆ ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟ್ ಹರಿಯುತ್ತದೆ. ಮಾಡಿನ ಹತ್ತಿರ ಲೈನ್ ಹಾದಿದ್ದರೆ ದೋಟಿಯನ್ನು ಮುಟ್ಟಲೇಬೇಡಿ.

ಗುಡಿಸುವ ದಿನ

ಹಿಂದಿನ ದಿನದಿಂದಲೇ ಒಲೆ ಹಚ್ಚಬೇಡಿ. ಬೂದಿಯೊಳಗೆ ಕೆಂಡ ಒಂದು ರಾತ್ರಿ ಬದುಕಿರುತ್ತದೆ. ನೈಲಾನ್ ಬಿಸಿಗೆ ಕರಗುತ್ತದೆ ಬೇರೆ.

ಒಲೆಯ ಬಾಯಿಗೆ, ಪಾತ್ರೆ ಇಡುವ ತೂತುಗಳಿಗೆ ಒದ್ದೆ ಗೋಣಿಚೀಲ ಮುಚ್ಚಿ. ಮೂಗಿಗೆ ಟವೆಲ್ ಸಾಲದು. ಎನ್‌95 ಮಾಸ್ಕ್ ಹಾಕಿ. ಕಣ್ಣಿಗೆ ಕನ್ನಡಕ, ತುಂಬು ತೋಳಿನ ಹಳೇ ಅಂಗಿ. ಮಸಿ ಅಂದರೆ ಸುಮ್ನೆ ಕಪ್ಪು ಪುಡಿ ಅಲ್ಲ. ಲಂಡನ್ನಿನ ಸರ್ಜನ್ ಪರ್ಸಿವಲ್ ಪಾಟ್ 1775ರಲ್ಲೇ ಚಿಮ್ನಿ ಗುಡಿಸುವವರಿಗೆ ಬರುತ್ತಿದ್ದ ಚರ್ಮದ ಕ್ಯಾನ್ಸರಿಗೆ ಮಸಿಯೇ ಕಾರಣ ಎಂದು ಬರೆದಿದ್ದ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಚೆನ್ನಾಗಿ ಸ್ನಾನ ಮಾಡಿ.

ಕೊಳವೆಯ ಬುಡದಲ್ಲಿ ಮುಚ್ಚಳ ಇದ್ದರೆ ನೀವು ಅದೃಷ್ಟವಂತರು. ಅದನ್ನು ತೆಗೆದು ಕೆಳಗಿನಿಂದಲೇ ತಳ್ಳಿ, ಮಾಡು ಹತ್ತುವ ರಗಳೆ ಇಲ್ಲ. ಮೇಲಿಂದಲೇ ಮಾಡಬೇಕೆಂದರೆ ಬಿಸಿಲಿನ ದಿನ ಆರಿಸಿ. ಪಾಚಿ ಕಟ್ಟಿದ ಹಂಚಿನ ಮೇಲೆ ಅಡಿಕೆ ಮರ ಹತ್ತುವ ಕೊನೆಗೌಡನ ಕಾಲೂ ನಿಲ್ಲುವುದಿಲ್ಲ. ಏಣಿ ಹಿಡಿಯಲು ಒಬ್ಬರು ಇರಲೇಬೇಕು.

ಬ್ರಶ್ಶನ್ನು ಒಂದು ಕೋಲಿನಷ್ಟು ತಳ್ಳಿ, ಇನ್ನೊಂದು ಕೋಲು ಸಿಕ್ಕಿಸಿ, ಮತ್ತೆ ತಳ್ಳಿ. ಆಚೆ ತುದಿಯಿಂದ ಅದು ಪೂರ್ತಿ ಹೊರಬರಬೇಕು. ತಂತಿ ಬ್ರಶ್ ಆದರಂತೂ ನಡುವೆ ನಿಲ್ಲಿಸಿ ಹಿಂದಕ್ಕೆ ಎಳೆಯಬೇಡಿ. ಕೂದಲು ಒಂದು ಕಡೆಗೆ ಬಾಗಿರುತ್ತದೆ. ಹಿಂದಕ್ಕೆ ಎಳೆದರೆ ಮುಳ್ಳಿನಂತೆ ಗೋಡೆಗೆ ಚುಚ್ಚಿ ಕೂತುಬಿಡುತ್ತದೆ. ಹೀಗೆ ನಾಲ್ಕೈದು ಸಲ.

ಕೋಲಿಲ್ಲದವರಿಗೆ ಹಗ್ಗದ ದಾರಿ ಇದೆ. ಬ್ರಶ್ಶಿನ ಎರಡೂ ತುದಿಗೆ ಹಗ್ಗ ಕಟ್ಟಿ, ಮೇಲೊಬ್ಬರು ಕೆಳಗೊಬ್ಬರು ನಿಂತು ಗರಗಸ ಎಳೆದಂತೆ ಎಳೆಯುವುದು. ನಾರಿನ ಬ್ರಶ್ಶಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಡುವುದು ಮಾತ್ರ ಬೇಡ, ಬಾಗಿನಲ್ಲಿ ಸಿಮೆಂಟ್ ಒಡೆಯುತ್ತದೆ.

ಅಸ್ತ್ರ ಒಲೆಯಲ್ಲಿ ಕೊಳವೆಯೊಂದೇ ಗುಡಿಸಿದರೆ ಅರ್ಧ ಕೆಲಸ. ಎರಡನೇ, ಮೂರನೇ ಪಾತ್ರೆಯ ಕೆಳಗಿನ ಹೊಗೆ ದಾರಿಯಲ್ಲಿ ಮಸಿಯೂ ಹಾರಿಬಂದ ಬೂದಿಯೂ ಗುಡ್ಡೆಯಾಗಿರುತ್ತವೆ. ಪಾತ್ರೆ ಎತ್ತಿ ತೂತಿನೊಳಗೆ ಕೈಹಾಕಿ ಗೋರಿ ತೆಗೆಯಿರಿ. ಹಾಗೆಯೇ ಮೇಲಿನ ಟೋಪಿ ನೋಡಿ. ಜಾಲರಿಗೆ ಮಸಿ ಮೆತ್ತಿರಬಹುದು, ಕಣಜ ಗೂಡು ಕಟ್ಟಿರಬಹುದು.

ಬುಡದಿಂದ ಒಂದು ಕನ್ನಡಿ ಹಿಡಿದು ಮೇಲಕ್ಕೆ ನೋಡಿ. ನೇರ ಕೊಳವೆಯಲ್ಲಿ ಆಕಾಶ ದುಂಡಗೆ ಕಾಣಬೇಕು. ಅಂಚು ಸೊಟ್ಟ ಕಂಡರೆ ಅಲ್ಲಿ ಇನ್ನೂ ಮಸಿ ಇದೆ.

ಒಂದು ತಾಸು ಬಿಟ್ಟು, ಧೂಳು ಇಳಿದ ಮೇಲೆ ಮಸಿಯನ್ನು ತಗಡಿನ ಡಬ್ಬಕ್ಕೆ ತುಂಬಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ತರಬೇಡಿ. ಸಣ್ಣ ಮಸಿ ಅದರ ಹಿಂದಿನಿಂದ ಹೊರಬಂದು ಇಡೀ ಮನೆಗೆ ಬಣ್ಣ ಬಳಿಯುತ್ತದೆ. ಒಲೆಯ ಬೂದಿ ತೋಟಕ್ಕೆ ಹೋಗಲಿ. ಕೊಳವೆಯ ಮಸಿಯಲ್ಲಿ ಟಾರು ಇರುವುದರಿಂದ ಅದನ್ನು ಬೇರೆ ಹೂತುಬಿಡಿ.

ಮತ್ತೆ ಕಟ್ಟದ ಹಾಗೆ

ಆಗ ತಾನೇ ಕಡಿದ ಕಟ್ಟಿಗೆಯಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ನೀರೇ ಇರುತ್ತದೆ. ಅದು 20 ಶೇಕಡಕ್ಕೆ ಇಳಿಯಬೇಕಾದರೆ ಸೀಳಿ, ಮಳೆ ತಾಗದ ಗಾಳಿಯಾಡುವ ಜಾಗದಲ್ಲಿ ಕಡಿಮೆ ಅಂದರೂ ಆರು ತಿಂಗಳು ಇಡಬೇಕು. ಎರಡು ಸೀಳು ಒಂದಕ್ಕೊಂದು ಬಡಿದು ನೋಡಿ. 'ಟಣ್' ಅಂದರೆ ಒಣಗಿದೆ, 'ದಬ್' ಅಂದರೆ ಇಲ್ಲ. ದೊಡ್ಡ ಕೊರಡು ಹೊಗೆಯಾಡಲು ಬಿಡುವ ಬದಲು ಸಣ್ಣ ಸೀಳಿನಲ್ಲಿ ಚುರುಕು ಉರಿ ಮಾಡಿ ನೀರು ಕಾಯಿಸಿ.

ಯಾವತ್ತಾದರೂ ಕೊಳವೆಯೊಳಗೆ ಲಾರಿ ಬಂದಂತೆ ಗುಡುಗುಡು ಸದ್ದು ಕೇಳಿದರೆ ಒಳಗೆ ಬೆಂಕಿ ಹಿಡಿದಿದೆ ಎಂದೇ ತಿಳಿಯಿರಿ. ಒಲೆಯ ಬಾಗಿಲು ಇದ್ದರೆ ಮುಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿ, 101 ಅಥವಾ 112ಕ್ಕೆ ಫೋನ್ ಮಾಡಿ. ಕೊಳವೆಗೆ ನೀರು ಸುರಿಯಬೇಡಿ, ಕಾದ ಕೊಳವೆ ಸೀಳಿಹೋಗುತ್ತದೆ.

ಗುಡಿಸಿ ಮುಗಿದ ಮೇಲೆ ಒಂದು ಒಣ ಅಡಿಕೆ ಹಾಳೆ ಹಚ್ಚಿ ಒಲೆಗೆ ಹಾಕಿ. ಹೊಗೆ ಒಂದು ಕ್ಷಣ ಬಾಯಿಯ ಹತ್ತಿರ ಅನುಮಾನಿಸಿ, ಆಮೇಲೆ ಸರ್ರನೆ ಒಳಗೆ ಎಳೆದುಕೊಂಡು ಹೋಗಬೇಕು. ಹೋಯಿತಾ? ಹಾಗಾದರೆ ಒಂದು ಇದ್ದಿಲು ತಗೊಂಡು ಬಚ್ಚಲ ಗೋಡೆಯ ಮೇಲೆ ತಾರೀಕು ಬರೆದಿಡಿ. ನಮ್ಮನೆ ಗೋಡೆಯಲ್ಲಿ ಅಂಥ ಏಳೆಂಟು ತಾರೀಕುಗಳಿವೆ. ಬ್ರಶ್ ಸಿಕ್ಕಿಹಾಕಿಕೊಂಡ ದಿನದ್ದನ್ನು ಮನೆಯವರು ಸ್ವಲ್ಪ ದೊಡ್ಡದಾಗಿಯೇ ಬರೆದಿದ್ದಾರೆ.