ತೊಟ್ಟಿಲ ಶಾಸ್ತ್ರಕ್ಕೆ ನಿಮ್ಮದೇ ಜೋಗುಳ ಕಟ್ಟುವುದು ಹೇಗೆ

ಮಲೆನಾಡಿನ ಮನೆಗಳಲ್ಲೂ ಈಗ ತೊಟ್ಟಿಲ ಶಾಸ್ತ್ರದ ದಿನ ಮೊಬೈಲಿನಲ್ಲಿ ಜೋಗುಳ ಹಾಕಿಬಿಡುತ್ತಾರೆ. ಮಗುವಿನ ಹೆಸರು, ಮನೆಯ ತೋಟ, ಊರಿನ ಹೊಳೆ ಇರುವ ಹಾಡನ್ನು ಮನೆಯವರೇ ಕಟ್ಟಬಹುದು. ಅದಕ್ಕೆ ಮೂರು ಸಾಲಿನ ತ್ರಿಪದಿಯಷ್ಟು ಒದಗುವ ಛಂದಸ್ಸು ಇನ್ನೊಂದಿಲ್ಲ. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ತ್ರಿಪದಿ ಇದೆ. ಬೀಸುವಾಗ, ಕುಟ್ಟುವಾಗ, ತೂಗುವಾಗ ಹೆಂಗಸರ ಬಾಯಲ್ಲಿ ಉಳಿದು ಬಂದದ್ದೂ ಅದೇ.

ಮೂರು ಸಾಲಿಗೆ ಒಟ್ಟು 11 ಗಣ, ಅಂದರೆ ಅಕ್ಷರಗಳ ಗುಂಪು: 4, 4, 3. ಆರನೆಯದೂ ಹತ್ತನೆಯದೂ ಚಿಕ್ಕವು, ಅಂದರೆ ಬ್ರಹ್ಮಗಣ, ಉಳಿದವು ವಿಷ್ಣುಗಣ. ಹೊಸಬರು ದೊಡ್ಡದಕ್ಕೆ 5 ಮಾತ್ರೆ, ಚಿಕ್ಕದಕ್ಕೆ 3 ಮಾತ್ರೆ ಎಂದು ಹಿಡಿದರೆ ಸಾಕು. ಮಾತ್ರೆ ಎಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ: ಹ್ರಸ್ವಕ್ಕೆ 1, ದೀರ್ಘಕ್ಕೆ 2. ಸೊನ್ನೆ ಇರುವ ಅಕ್ಷರಕ್ಕೂ ಒತ್ತಕ್ಷರದ ಹಿಂದಿನದಕ್ಕೂ 2. ಇದಕ್ಕೆಂದೇ ಕಟ್ಟಿದ ಒಂದು ಪದ್ಯ:

ತುಂಗೇಯ | ದಡದಲ್ಲಿ | ಹಿಂಗಾರ | ಬಿರಿದೈತೆ
ತಂಗಾಳಿ | ಬೀಸಿ | ಇರುಳಾತು | ನನಕಂದ
ಬಂಗಾರ | ಕಣ್ಣ | ಮುಚ್ಚಮ್ಮ

ಹಿಂಗಾರ ಎಂದರೆ ಅಡಿಕೆಯ ಹೂಗೊಂಚಲು. ತುಂಗೆಯ ಎಂದರೆ 4 ಮಾತ್ರೆ, ಎಳೆದು ತುಂಗೇಯ ಎಂದಾಗ 5. ಈ ಎಳೆತ ಜನಪದ ಹಾಡಿಗೆ ಸಹಜ, ಅಂಜಬೇಡಿ. ಸಾಲಿನ ಮೊದಲ ಪದಗಳಲ್ಲಿ ಎರಡನೆಯ ಅಕ್ಷರದಲ್ಲಿ 'ಗ' ವ್ಯಂಜನವೇ ಬಂದಿರುವುದು ಪ್ರಾಸ. ಅದಿಲ್ಲದಿದ್ದರೆ ಮುಂದಿನ ಸಾಲು ಬಾಯಿಗೆ ಬೇಗ ಬರುವುದಿಲ್ಲ.

ಹೆಚ್ಚಿನವರು ಎಡವುವುದು ಹೆಸರು ಕೂರಿಸುವಲ್ಲಿ. ಭೂಮಿ 3 ಮಾತ್ರೆ, ಹತ್ತನೆಯ ಗಣದಲ್ಲಿ ಸರಿಯಾಗಿ ಕೂರುತ್ತದೆ: 'ಬಂಗಾರ ಭೂಮಿ ಮಲಗಮ್ಮ.' ವಿಶಾಲ, ಅನನ್ಯ, ಪ್ರಸಾದ ಇಂಥವು ಹಾಗಲ್ಲ. ಮೊದಲು ಲಘು (1 ಮಾತ್ರೆ), ಮರುಕ್ಷಣವೇ ಗುರು (2 ಮಾತ್ರೆ). ಬ್ರಹ್ಮ, ವಿಷ್ಣು ಮೊದಲಾದ ಅಂಶಗಣ ಹಾಗೆ ಶುರುವಾಗುವುದೇ ಇಲ್ಲ. ಎಷ್ಟು ಎಳೆದರೂ ಹಾಡು ಅಲ್ಲಿ ಮುಗ್ಗರಿಸುತ್ತದೆ. ಅಂಥ ಹೆಸರಿದ್ದರೆ ಮನೆಯಲ್ಲಿ ಕರೆಯುವ ಹೆಸರನ್ನೇ ಹಾಕಿ. ಪುಟ್ಟ, ಪುಟ್ಟಿ, ಸಾಗರ–ಹೊಸನಗರ ಕಡೆಯ ಹವ್ಯಕರ ಮಾಣಿ (ಹುಡುಗ), ಕೂಸು (ಹುಡುಗಿ) ಎಲ್ಲವೂ 3 ಮಾತ್ರೆಯವೇ. ಹೆಸರಿರುವ ಪದ್ಯವನ್ನು ಮಾತ್ರ ಕಿವಿಯಲ್ಲಿ ಹೆಸರು ಕರೆದಾದ ಮೇಲೆ ಎತ್ತಿಕೊಳ್ಳಿ.

ಹಾಡುವಾಗ ಮೂರು ಸಾಲು ನಾಲ್ಕಾಗುತ್ತದೆ. 'ಇರುಳಾತು' ಎಂಬ ಏಳನೆಯ ಗಣಕ್ಕೆ ಒಮ್ಮೆ ನಿಲ್ಲಿಸಿ, ಎರಡನೆಯ ಸಾಲನ್ನು ಮೊದಲಿಂದ ಪೂರ್ತಿ ಹೇಳಿ, ಆಮೇಲೆ ಕೊನೆಯ ಸಾಲಿಗೆ ಹೋಗಿ. ಹಾಗಾಗಿ ಏಳನೆಯ ಗಣಕ್ಕೆ ಮಾತು ಒಂದು ನಿಲುಗಡೆಗೆ ಬರುವಂತೆ ಕಟ್ಟಬೇಕು. ಎಂಟನೆಯದು ಕೂಗಿ ಕರೆಯುವ ಮಾತಾದರೆ ಚೆಂದ. ಚಿಕ್ಕ ಗಣವನ್ನು ಎಳೆದು ದೊಡ್ಡದಕ್ಕೆ ಸಮ ಮಾಡಿ. ಕೊನೆಯ ಸಾಲಿನಲ್ಲಿ ಒಂದು ಗಣದ ಜಾಗ ಖಾಲಿ ಉಳಿಯುತ್ತದಲ್ಲ, ಅಲ್ಲಿಗೇ 'ಜೋ ಜೋ'. ಜೋಗುಳ ಎಂಬ ಹೆಸರಿನಲ್ಲೂ ಕೇಳುವುದು ಈ ತೂಗುವ ದನಿಯೇ. ತೆಲುಗಿನವರ ಜೋಲದಲ್ಲೂ ಅದೇ. ರಾಗ ಬಲ್ಲವರು ನೀಲಾಂಬರಿ ಹಿಡಿಯಲಿ.

ಲಯಕ್ಕೆ ತೊಟ್ಟಿಲ ಹಗ್ಗ ನೋಡಿ. ಹಳೆ ಮನೆಯ ತೊಲೆಗೆ ಕಟ್ಟಿದ 2 ಮೀಟರ್ ಹಗ್ಗದ ತೊಟ್ಟಿಲು ಹೋಗಿ ಬರಲು ಸುಮಾರು 2.8 ಸೆಕೆಂಡ್ ಬೇಕು. ಹೋಗುವಾಗ ಒಂದು ಗಣ, ಬರುವಾಗ ಒಂದು. ಅಂಗಡಿಯ ಸ್ಟ್ಯಾಂಡ್ ತೊಟ್ಟಿಲು ತೂಗುವ ಉದ್ದ ಅರ್ಧ ಮೀಟರ್ ಆದರೆ 1.4 ಸೆಕೆಂಡಿಗೇ ಹೋಗಿಬರುತ್ತದೆ. ಅಲ್ಲಿ ಪೂರ್ತಿ ಒಂದು ತೂಗಿಗೆ ಒಂದೇ ಗಣ. ಇಲ್ಲದಿದ್ದರೆ ಹಾಡು ಓಡತೊಡಗಿ ಮಗು ಎಚ್ಚರವಾಗುತ್ತದೆ. ಖಾಲಿ ತೊಟ್ಟಿಲು ತೂಗಿದರೆ ಅಜ್ಜಿಯಂದಿರು ಬಿಡುವುದಿಲ್ಲ, ಅಭ್ಯಾಸವನ್ನು ತೊಡೆ ತಟ್ಟಿಯೇ ಮಾಡಿಕೊಳ್ಳಿ. ಇಂಥ ಐದು ಪದ್ಯವಿದ್ದರೆ ಶಾಸ್ತ್ರಕ್ಕೆ ಸಾಕು.