ಅಂಗಳದಲ್ಲೇ ಉಳಿದ ಮೇಲ್‌ಗಳನ್ನು ಒಳಗೆ ಹಾಕುವುದು ಹೇಗೆ?

ಮೇ ತಿಂಗಳ ಒಂದು ಮಧ್ಯಾಹ್ನ ಕಾಸರಗೋಡಿನ ಪೆರ್ಲದಲ್ಲಿ ಬಸ್ಸಿಗೆ ಕಾಯುತ್ತಾ ಒಂದು ಮೇಲ್ ಓದಿದೆ. ಮಗಳ ಕಾಲೇಜಿನದ್ದು. ಊರಿನ ಒಂದು ಸರ್ಟಿಫಿಕೇಟ್ ಬೇಕು, ಹತ್ತು ದಿನದೊಳಗೆ ಕಳಿಸಿ ಅಂತ ಇತ್ತು. ಮನೆಗೆ ಹೋಗಿ ನೋಡುವ ಅಂದುಕೊಂಡೆ. ಬಸ್ ಬಂತು. ಓದಿದ್ದಾಯಿತಲ್ಲ, ದಪ್ಪ ಅಕ್ಷರ ಸಪೂರ ಆಯಿತು. ಅದರ ಮೇಲೆ ಬ್ಯಾಂಕಿನ ಸ್ಟೇಟ್‌ಮೆಂಟ್, ಸೀರೆಯ ಆಫರ್, ಇನ್ನೇನೋ ಬಂದು ಕೂತವು. ಹನ್ನೆರಡನೇ ದಿನ ಮಗಳು ಫೋನ್ ಮಾಡಿ ಕೇಳಿದಾಗಲೇ ನೆನಪಾದದ್ದು.

ಗಡಿನಾಡಿನ ನಮಗೆ ಈ ತಾಪತ್ರಯ ಸ್ವಲ್ಪ ಜಾಸ್ತಿ. ಜಾಗ ಕೇರಳದಲ್ಲಿ, ಮಕ್ಕಳ ಓದು ಮಂಗಳೂರಿನಲ್ಲಿ. ಸರಕಾರಿ ಮೇಲ್ ಮಲಯಾಳದಲ್ಲಿ ಬರುತ್ತದೆ, ಬ್ಯಾಂಕಿನದ್ದು ಇಂಗ್ಲಿಷಿನಲ್ಲಿ, ಭಜನಾ ಸಂಘದ್ದು ಕನ್ನಡದಲ್ಲಿ. ಮಲಯಾಳದ್ದನ್ನು ನಿಧಾನಕ್ಕೆ ಕೂತು ಓದಬೇಕು ಅಂತ ಬದಿಗಿಡುತ್ತೇವೆ. ಬದಿ ಅಂದರೆ ಎಲ್ಲಿ? ಇನ್‌ಬಾಕ್ಸಿನಲ್ಲೇ!

ಅಡಿಕೆ ಒಣಗಿದ ಮೇಲೆ ಯಾರಾದರೂ ಅಂಗಳದಲ್ಲೇ ಬಿಡುತ್ತಾರಾ? ಸುಲಿದು, ಒಳ್ಳೆಯದು ಬೇರೆ, ಪಟೋರ ಬೇರೆ, ಕರಿಗೋಟು ಬೇರೆ ಅಂತ ಆರಿಸಿ ಗೋಣಿಗೆ ತುಂಬಿಸುತ್ತೇವೆ. ಮೇಲ್‌ಗೂ ಅಷ್ಟೇ ಕೆಲಸ. ನಾನು ಜಿಮೇಲ್ ಇಟ್ಟುಕೊಂಡೇ ಹೇಳುತ್ತೇನೆ, ಆಂಡ್ರಾಯ್ಡ್ ಫೋನ್ ಇರುವ ಹೆಚ್ಚಿನವರಲ್ಲಿ ಅದೇ ಇರುವುದು. ಬೇರೆ ಆಪ್ ಕೊಳ್ಳುವ ಅಗತ್ಯ ಇಲ್ಲ.

ಮೊದಲು ಅಂಗಳ ಖಾಲಿ

ಈ ಕೆಲಸಕ್ಕೆ ಕಂಪ್ಯೂಟರ್ ಬೇಕು. ಫೋನಿನಲ್ಲಿ ಮಾಡಹೊರಟರೆ ಬೆರಳು ಸವೆಯುತ್ತದೆ. ಮನೆಯಲ್ಲಿ ಇಲ್ಲದಿದ್ದರೆ ಒಂದು ಗಂಟೆಗೆ ಯಾರದಾದರೂ ಲ್ಯಾಪ್‌ಟಾಪ್ ಕೇಳಿ. ಕೆಲಸ ಮುಗಿದ ಮೇಲೆ ಲಾಗ್ ಔಟ್ ಮಾಡಲು ಮರೆಯಬೇಡಿ.

ಕಳೆದ ಎರಡು ವಾರದ ಮೇಲ್‌ಗಳನ್ನು ಮಾತ್ರ ನೋಡಿ. ಇನ್ನೂ ಕೆಲಸ ಬಾಕಿ ಇರುವುದಕ್ಕೆ ನಕ್ಷತ್ರದ ಗುರುತು ಹಾಕಿ. ಆಮೇಲೆ ಪಟ್ಟಿಯ ಮೇಲೆ ಎಡಗಡೆ ಇರುವ ಚೌಕಕ್ಕೆ ಟಿಕ್ ಮಾಡಿ. ಆಗ ಆ ಪುಟದ ಮೇಲ್‌ಗಳಷ್ಟೇ ಆಯ್ಕೆಯಾಗುತ್ತವೆ. ಎಲ್ಲವನ್ನೂ ಆರಿಸಬೇಕೇ ಅಂತ ಪಕ್ಕದಲ್ಲೇ ಒಂದು ಸಾಲು ಕಾಣಿಸುತ್ತದೆ, ಅದನ್ನೂ ಒತ್ತಿ. ನಂತರ ಆರ್ಕೈವ್ ಗುಂಡಿ. ಪ್ರೊಮೋಷನ್ಸ್, ಸೋಶಿಯಲ್ ಅಂತ ಬೇರೆ ಟ್ಯಾಬ್ ಇದ್ದರೆ ಅಲ್ಲೂ ಇದೇ ಮಾಡಿ.

ಪಕ್ಕದ ಮನೆಯ ನಿವೃತ್ತ ಮಾಷ್ಟ್ರಿಗೆ ಇದನ್ನು ಮಾಡಿ ಕೊಡುವಾಗ ಅವರು ನನ್ನ ಕೈ ಹಿಡಿದೇ ಬಿಟ್ಟರು. "ಹೋದದ್ದು ಮತ್ತೆ ಸಿಗ್ತದಾ?"

"ಎಲ್ಲಿಗೂ ಹೋಗುವುದಿಲ್ಲ ಮಾಷ್ಟ್ರೆ, ಅಟ್ಟಕ್ಕೆ ಹೋಗ್ತದೆ ಅಷ್ಟೇ" ಅಂದೆ. ಆರ್ಕೈವ್ ಮಾಡಿದ್ದೆಲ್ಲ 'ಆಲ್ ಮೇಲ್' ಎಂಬಲ್ಲಿ ಇರುತ್ತದೆ. ಹುಡುಕಿದರೆ ಸಿಗುತ್ತದೆ. ಯಾರಾದರೂ ಅದಕ್ಕೆ ಉತ್ತರ ಬರೆದರೆ ಮೇಲ್ ತಾನಾಗಿ ಇನ್‌ಬಾಕ್ಸಿಗೆ ವಾಪಸ್ ಬರುತ್ತದೆ. ಡಿಲೀಟ್ ಮಾಡಿದರೆ ಮಾತ್ರ 30 ದಿನ ಕಸದ ಬುಟ್ಟಿಯಲ್ಲಿದ್ದು ಆಮೇಲೆ ಪೂರ್ತಿ ಹೋಗುತ್ತದೆ.

ಆದರೆ ಆರ್ಕೈವ್ ಮಾಡಿದರೆ ಜಾಗ ಉಳಿಯುವುದಿಲ್ಲ. ಪುಕ್ಕಟೆ ಸಿಗುವ 15 ಜಿಬಿಯಲ್ಲಿ ಮೇಲ್, ಫೋಟೋ, ಡ್ರೈವ್ ಮೂರೂ ಸೇರಿವೆ. ಅದು ತುಂಬಿದರೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ. ಹುಡುಕುವ ಪೆಟ್ಟಿಗೆಯ ಬಲತುದಿಯ ಚಿಹ್ನೆ ಒತ್ತಿ, ಗಾತ್ರ 10 ಎಂಬಿಗಿಂತ ಹೆಚ್ಚು ಅಂತ ಕೊಡಿ. ಯಾವುದೋ ಕಾಲದ ಮದುವೆ ಆಮಂತ್ರಣ, ಗೃಹಪ್ರವೇಶದ ಫೋಟೋ ಎಲ್ಲ ಎದ್ದು ಬರುತ್ತವೆ. ಬೇಡವಾದ್ದನ್ನು ತೆಗೆದುಹಾಕಿ.

ನಾಲ್ಕು ಗೋಣಿ ಸಾಕು

ಲೇಬಲ್ ಅಂದರೆ ಗೋಣಿಗೆ ಕಟ್ಟುವ ಚೀಟಿ. ಒಂದೇ ಮೇಲಿಗೆ ಎರಡು ಚೀಟಿ ಕಟ್ಟಲೂ ಆಗುತ್ತದೆ, ಕಂಪ್ಯೂಟರಿನ ಫೋಲ್ಡರಿಗಿಂತ ಇದು ಅನುಕೂಲ. ಉತ್ಸಾಹದಲ್ಲಿ ನಾನು ಮೊದಲ ದಿನ 27 ಲೇಬಲ್ ಮಾಡಿದ್ದೆ. ಒಂದು ವಾರದಲ್ಲಿ ಯಾವುದು ಎಲ್ಲಿ ಅಂತ ನನಗೇ ಗೊತ್ತಾಗಲಿಲ್ಲ. ಈಗ ಇರುವುದು ನಾಲ್ಕೇ: ಜಾಗ-ತೆರಿಗೆ, ಮಕ್ಕಳ ಓದು, ಬ್ಯಾಂಕ್, ತೋಟ.

ಹುಡುಕಿದರೆ ಸಿಗುವಾಗ ಲೇಬಲ್ ಯಾಕೆ ಅಂತ ಕೇಳಬಹುದು. ನಮ್ಮ ಊರಿನ ಹೆಸರನ್ನೇ ನೋಡಿ. ಕನ್ನಡದಲ್ಲಿ ಕಾಸರಗೋಡು, ಮಲಯಾಳದಲ್ಲಿ ಬೇರೆ, ಇಂಗ್ಲಿಷಿನಲ್ಲಿ ನಡುವೆ ಒಂದು 'ಎ' ಹಾಕಿ ಬರೆಯುವವರು ಕೆಲವರು, ಹಾಕದವರು ಕೆಲವರು. ಒಂದರಲ್ಲಿ ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಕನ್ನಡದಲ್ಲಿ ಇನ್ನೊಂದು ಪೇಚು: 'ಅಡಿಕೆ' ಅಂತ ಹುಡುಕಿದರೆ 'ಅಡಿಕೆಗೆ' ಅಂತ ಇರುವ ಮೇಲ್ ತಪ್ಪಿಹೋಗಬಹುದು. ಲೇಬಲ್ ಇದ್ದರೆ ಭಾಷೆ ಯಾವುದಾದರೇನು, ಎಲ್ಲ ಒಂದೇ ಗೋಣಿಯಲ್ಲಿ.

ಕೈಯಲ್ಲೇ ಚೀಟಿ ಕಟ್ಟುತ್ತಾ ಕೂರಬೇಡಿ. ಒಂದು ಮೇಲ್ ತೆರೆಯಿರಿ, ಮೇಲಿನ ಮೂರು ಚುಕ್ಕಿ ಒತ್ತಿ, 'ಫಿಲ್ಟರ್ ಮೆಸೇಜಸ್ ಲೈಕ್ ದೀಸ್' ಆರಿಸಿ. ಕಳಿಸಿದವರ ವಿಳಾಸ ಅದಾಗಿಯೇ ತುಂಬಿರುತ್ತದೆ. 'ಕ್ರಿಯೇಟ್ ಫಿಲ್ಟರ್' ಒತ್ತಿ, ಬೇಕಾದ ಲೇಬಲಿಗೆ ಟಿಕ್ ಮಾಡಿ. ಹಳೆಯ ಮೇಲ್‌ಗಳಿಗೂ ಅನ್ವಯಿಸಬೇಕೇ ಅಂತ ಕೊನೆಯಲ್ಲಿ ಕೇಳುತ್ತದೆ, ಅದಕ್ಕೂ ಟಿಕ್. ಫೋನಿನ ಆಪ್‌ನಲ್ಲಿ ಫಿಲ್ಟರ್ ಮಾಡಲು ಬರುವುದಿಲ್ಲ, ಅದಕ್ಕೇ ಕಂಪ್ಯೂಟರಿನ ಎದುರು ಕೂತಾಗಲೇ ಇದನ್ನೂ ಮುಗಿಸಿ.

ಅಲ್ಲಿ 'ಸ್ಕಿಪ್ ದಿ ಇನ್‌ಬಾಕ್ಸ್' ಅಂತಲೂ ಇದೆ. ಅಂಗಡಿ ಆಫರಿಗೆ ಅದನ್ನು ಕೊಡಿ. ಪಂಚಾಯತಿನದ್ದಕ್ಕೆ, ಶಾಲೆ-ಕಾಲೇಜಿನದ್ದಕ್ಕೆ ಯಾವತ್ತೂ ಬೇಡ, ಅವು ಕಣ್ಣೆದುರು ಬರಲಿ. ಅವುಗಳಿಗೆ 'ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್' ಟಿಕ್ ಮಾಡಿ. ಸ್ಪ್ಯಾಮಿಗೆ ಬಿದ್ದದ್ದು 30 ದಿನದಲ್ಲಿ ತಾನಾಗಿ ಅಳಿಸಿಹೋಗುತ್ತದೆ.

ಮೇಲಿನೊಳಗಿನ ಕೆಲಸವನ್ನು ಹೊರಗೆ ತೆಗೆಯಿರಿ

ನಾನು ಪೆರ್ಲದಲ್ಲಿ ಮಾಡಿದ ತಪ್ಪು ಇಲ್ಲಿಯದು. ಮೇಲ್ ಓದಿದೆ, ಅದರೊಳಗಿದ್ದ ಕೆಲಸಕ್ಕೆ ತಾರೀಕು ಹಾಕಲಿಲ್ಲ.

ಮೇಲ್ ತೆರೆದಿರುವಾಗಲೇ ಮೂರು ಚುಕ್ಕಿ ಒತ್ತಿ 'ಆ್ಯಡ್ ಟು ಟಾಸ್ಕ್ಸ್' ಆರಿಸಿ. ಟಾಸ್ಕ್ಸ್ ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿ. ಇದು ಫೋನಿನಲ್ಲೂ ಆಗುತ್ತದೆ, ಬಸ್ಸಿಗೆ ಕಾಯುತ್ತಲೇ ಮಾಡಬಹುದು. ಆ ಮೇಲಿನ ಕೊಂಡಿ ಟಾಸ್ಕಿನ ಜೊತೆಗೇ ಇರುತ್ತದೆ. ಹಾಗಾಗಿ ಮೇಲನ್ನು ಧೈರ್ಯವಾಗಿ ಆರ್ಕೈವ್ ಮಾಡಿ. ಗೂಗಲ್ ಟಾಸ್ಕ್ಸ್ ಆಪನ್ನು ಫೋನಿಗೆ ಹಾಕಿಕೊಂಡರೆ ಪಟ್ಟಿ ಅಲ್ಲಿ ಕಾಣುತ್ತದೆ, ತಾರೀಕು ಕೊಟ್ಟದ್ದು ಕ್ಯಾಲೆಂಡರಿನಲ್ಲೂ ಕಾಣುತ್ತದೆ.

ಹೆಸರು ಕೊಡುವಾಗ ಸ್ವಲ್ಪ ಗಮನ ಇರಲಿ. ಸುಮ್ನೆ 'ಸರ್ಟಿಫಿಕೇಟ್' ಅಂತ ಬರೆದರೆ ಹತ್ತು ದಿನ ಬಿಟ್ಟು ನೋಡುವಾಗ ಅದೇನು ಅಂತ ತಲೆ ಕೆರೆದುಕೊಳ್ಳಬೇಕು. 'ವಿಲ್ಲೇಜ್ ಆಫೀಸಿಗೆ ಹೋಗಿ ಸರ್ಟಿಫಿಕೇಟ್ ಕೇಳಬೇಕು, ತೆರಿಗೆ ರಶೀದಿ ಕೊಂಡುಹೋಗಬೇಕು' ಅಂತ ಬರೆಯಿರಿ. ಟೈಪ್ ಮಾಡಲು ಉದಾಸೀನವಾದರೆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿ. ತಾರೀಕು ಕೊನೆಯ ದಿನದ್ದು ಬೇಡ. ಒಂದೇ ಸಲ ಹೋಗಿ ಕೆಲಸ ಆಗುವ ಆಫೀಸು ಯಾವುದಿದೆ ಹೇಳಿ? ನಾನು ನಾಲ್ಕು ದಿನ ಮುಂಚಿನ ತಾರೀಕು ಹಾಕುತ್ತೇನೆ.

ಮತ್ತೆ ಮತ್ತೆ ಬರುವ ಕೆಲಸಕ್ಕೆ 'ರಿಪೀಟ್' ಇದೆ. ಕೇರಳದಲ್ಲಿ ಮನೆಯ ಕರೆಂಟ್ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದು, ಆದ್ದರಿಂದ ಎರಡು ತಿಂಗಳಿಗೊಮ್ಮೆ ಅಂತಲೇ ಕೊಡಿ. ಭೂತೆರಿಗೆ ವರ್ಷಕ್ಕೊಮ್ಮೆ. ಆದರೆ ಅಡಿಕೆಗೆ ಮದ್ದು ಬಿಡುವುದನ್ನು ರಿಪೀಟಿಗೆ ಹಾಕಬೇಡಿ. ಮಳೆಯ ಲೆಕ್ಕ ಕ್ಯಾಲೆಂಡರಿಗೆ ಗೊತ್ತಿಲ್ಲ. ಮೊದಲ ಮದ್ದು ಮುಗಿದ ಸಂಜೆ, ಎರಡನೆಯದಕ್ಕೆ 40 ದಿನ ಎಣಿಸಿ ಹೊಸ ಟಾಸ್ಕ್ ಹಾಕಿ. ಅದರ ಕೆಳಗೆ ಮೈಲುತುತ್ತು, ಸುಣ್ಣ, ಮದ್ದು ಬಿಡುವವರಿಗೆ ಫೋನ್ ಅಂತ ಸಣ್ಣ ಸಣ್ಣ ಉಪಕೆಲಸಗಳನ್ನೂ ಬರೆದಿಡಬಹುದು.

'ಸ್ನೂಜ್' ಬೇರೆ, ಅದು ಮೇಲನ್ನು ನೀವು ಹೇಳಿದ ದಿನ ಮತ್ತೆ ಇನ್‌ಬಾಕ್ಸಿಗೆ ತರುತ್ತದೆ. ನೀವು ಮಾಡಬೇಕಾದ್ದು ಏನೂ ಇಲ್ಲ, ಆ ದಿನ ಮೇಲ್ ಕಣ್ಣೆದುರು ಇದ್ದರೆ ಸಾಕು ಅನ್ನುವಲ್ಲಿ ಅದು. ರೈಲಿನ ಟಿಕೇಟಿಗೆ ಸರಿಯಾಗುತ್ತದೆ.

ಭಾನುವಾರದ ಕಾಲು ಗಂಟೆ

ವಾರಕ್ಕೊಮ್ಮೆ ಟಾಸ್ಕ್ ಪಟ್ಟಿ ನೋಡಿ. ಸ್ಪ್ಯಾಮಿಗೂ ಒಮ್ಮೆ ಇಣುಕಿ. ಪರಿಚಯದ ಅಂಗಡಿಯ ಆಫರ್ ಸಾಕಾಗಿದ್ದರೆ 'ಅನ್‌ಸಬ್‌ಸ್ಕ್ರೈಬ್' ಒತ್ತಿ. ಗುರುತೇ ಇಲ್ಲದವರ ಮೇಲಿನೊಳಗಿನ ಯಾವ ಕೊಂಡಿಯನ್ನೂ ಒತ್ತಬೇಡಿ, ಸ್ಪ್ಯಾಮ್ ಅಂತ ಗುರುತು ಮಾಡಿದರೆ ಸಾಕು.

ಮಳೆಗಾಲದಲ್ಲಿ ಕರೆಂಟ್ ಹೋದರೆ ನಮ್ಮಲ್ಲಿ ನೆಟ್ ಕೂಡ ಹೋಗುತ್ತದೆ. ಆಂಡ್ರಾಯ್ಡ್ ಫೋನಿನ ಜಿಮೇಲ್ ಸೆಟ್ಟಿಂಗಿನಲ್ಲಿ ಎಷ್ಟು ದಿನದ ಮೇಲ್ ಫೋನಿನಲ್ಲಿ ಇರಬೇಕು ಅಂತ ಕೊಡಬಹುದು. ಜೂನ್ ಬರುವ ಮುಂಚೆ ಅದನ್ನೊಮ್ಮೆ ನೋಡಿಕೊಳ್ಳಿ. ನೆಟ್ ಇಲ್ಲದಾಗ ಬರೆದ ಉತ್ತರ ಔಟ್‌ಬಾಕ್ಸಿನಲ್ಲಿ ಕಾದಿದ್ದು, ಸಿಗ್ನಲ್ ಬಂದ ಕೂಡಲೇ ಹೋಗುತ್ತದೆ.